ಕಾರ್ಬೊರೇಟರ್ ಮಾರುತಿ 800: ಮನೆಯಲ್ಲೇ ನೋಡಿಕೊಳ್ಳುವುದು, ದಾರಿಯಲ್ಲಿ ನಿಂತರೆ ಕಾಯಿಲೆ ಹುಡುಕುವುದು

ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ಕಥೆ ಗೊತ್ತು. ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನವರು ಮೊದಲು ಪ್ಲಗ್ ಹೋಗಿದೆ ಅನ್ನುತ್ತಾರೆ. ಪ್ಲಗ್ ಹಾಕಿದ ಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್. ಕಾಯಿಲ್ ಹಾಕಿದ ಮೇಲೆ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಬೇಕು. ಮೂರು ದಿನ ಆದ ಮೇಲೆ ನೋಡಿದರೆ ಬ್ಯಾಟರಿಯ ಅರ್ಥ್ ವೈರ್ ಸಡಿಲ. ಎರಡು ನಿಮಿಷದ ಕೆಲಸ, ಬಿಲ್ಲು ಮಾತ್ರ ಮೂರು ದಿನದ್ದು.

ನಾನು ಶಿವಮೊಗ್ಗದವನು. 11 ವರ್ಷದಿಂದ 1993ರ ಮಾರುತಿ 800 ಓಡಿಸುತ್ತಿದ್ದೇನೆ. ಮೆಕ್ಯಾನಿಕ್ ಅಲ್ಲ. ಬೈಸಿಕೊಂಡು, ಕೈ ಸುಟ್ಟುಕೊಂಡು, ದುಡ್ಡು ಕಳೆದುಕೊಂಡು ಕಲಿತದ್ದು ಒಂದೇ: ಊಹೆ ಮೇಲೆ ಯಾವುದನ್ನೂ ಬಿಚ್ಚಬಾರದು. ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್. ಅದೂ ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಪಾರ್ಟು ಒಟ್ಟಿಗೆ ಹಾಕಿದರೆ ಗಾಡಿ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಿಮ್ಮದು ಯಾವ 800?

ಮೊದಲ ಮಾರುತಿ 800 ಗಿರಾಕಿಯ ಕೈಗೆ ಹೋದದ್ದು 1983ರ ಡಿಸೆಂಬರ್‌ನಲ್ಲಿ. 1986ರಲ್ಲಿ ಆಕಾರ ಬದಲಾಯಿತು, ನಾವು ಇವತ್ತು ರಸ್ತೆ ಮೇಲೆ ನೋಡುವುದು ಹೆಚ್ಚಾಗಿ ಅದನ್ನೇ. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಇಷ್ಟು ವರ್ಷವೂ ಇಂಜಿನ್ 796 ಸಿಸಿ, ಮೂರು ಸಿಲಿಂಡರ್. ಆದರೆ 2000ದ ಸುಮಾರಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂತು. ಡ್ಯಾಶ್‌ಬೋರ್ಡ್‌ನಲ್ಲಿ ಎಳೆಯುವ ಚೋಕ್ ಗುಂಡಿ ಇದ್ದರೆ ನಿಮ್ಮದು ಕಾರ್ಬೊರೇಟರ್ ಗಾಡಿ. ಇಲ್ಲಿ ಬರೆದದ್ದು ಅದಕ್ಕೆ. ಎಂಪಿಎಫ್‌ಐ ಗಾಡಿಗೆ ಆಯಿಲ್, ಬ್ರೇಕ್, ಕೂಲೆಂಟ್ ವಿಚಾರ ಇದೇ, ಪೆಟ್ರೋಲ್ ಮತ್ತು ಸ್ಪಾರ್ಕ್ ವಿಚಾರ ಬೇರೆ.

ಡಿಕ್ಕಿಯಲ್ಲಿ ಒಂದು ಡಬ್ಬಿ

10, 12, 14, 17ರ ಸ್ಪ್ಯಾನರ್‌ಗಳು ಸಾಕು, ಈ ಗಾಡಿಯ ಮುಕ್ಕಾಲು ಪಾಲು ಬೋಲ್ಟು ಅದರಲ್ಲೇ ಬಿಚ್ಚುತ್ತದೆ. ಜೊತೆಗೆ ಪ್ಲಗ್ ಸ್ಪ್ಯಾನರ್, ಎರಡು ಸ್ಕ್ರೂ ಡ್ರೈವರ್, ಪ್ಲೈಯರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಒಂದು ತುಂಡು ಸಣ್ಣ ಎಮರಿ ಪೇಪರ್, ಇನ್ಸುಲೇಶನ್ ಟೇಪ್, ಟಾರ್ಚ್. ಒಂದು ಫ್ಯಾನ್ ಬೆಲ್ಟ್, ಒಂದು ಸೆಟ್ ಫ್ಯೂಸ್, ಒಂದು ಪ್ಲಗ್, ಎರಡು ಲೀಟರ್ ನೀರು. ಮತ್ತೆ ಒಂದು ಮಲ್ಟಿಮೀಟರ್. ಇಪ್ಪತ್ತು ಸಾವಿರದ ಸ್ಟೀರಿಯೊ ಹಾಕಿಸಿ ಮಲ್ಟಿಮೀಟರ್ ತೆಗೆದುಕೊಳ್ಳದವರನ್ನು ನಾನು ನೋಡಿದ್ದೇನೆ!

ಪಾರ್ಟುಗಳ ವಿಷಯ: ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಈ ಗಾಡಿಗೆ ಈಗಲೂ ಹೊಸ ಪಾರ್ಟು ಸಿಗುತ್ತವೆ. ಡೋರ್ ಹ್ಯಾಂಡಲ್, ಗಾಜು ತಿರುಗಿಸುವ ಹಿಡಿ, ಬಂಪರ್ ಇಂಥವು ಗುಜರಿಯಿಂದ ತಂದರೂ ನಷ್ಟವಿಲ್ಲ. ಬ್ರೇಕ್ ಪಾರ್ಟು, ರಬ್ಬರ್ ಪೈಪು, ಟೈಮಿಂಗ್ ಬೆಲ್ಟ್ (ಇಂಜಿನ್ನಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಬೆಲ್ಟ್) ಮಾತ್ರ ಹೊಸದೇ ಆಗಬೇಕು.

ಭಾನುವಾರ ಬೆಳಿಗ್ಗೆಯ ಹದಿನೈದು ನಿಮಿಷ

ಗಾಡಿ ರಾತ್ರಿಯೆಲ್ಲ ನಿಂತಿರಬೇಕು. ಸ್ಟಾರ್ಟ್ ಮಾಡುವ ಮೊದಲು ಇದನ್ನು ಮಾಡಿ.

ಮೊದಲು ನೆಲ ನೋಡಿ. ಹಳೇ ಗಾಡಿಯ ಅಡಿ ಒಂದು ರಟ್ಟು ಹಾಸಿಟ್ಟರೆ ಅದು ನಿಮಗೆ ಕಾಗದ ಬರೆದಂತೆ. ಕಪ್ಪು ಅಥವಾ ಕಂದು ಚುಕ್ಕೆ ಇದ್ದರೆ ಇಂಜಿನ್ ಆಯಿಲ್ ಇಲ್ಲವೇ ಗೇರ್ ಆಯಿಲ್. ಹಸಿರು ಅಥವಾ ಕೆಂಪು, ಸ್ವಲ್ಪ ಸಿಹಿ ವಾಸನೆ ಇದ್ದರೆ ಕೂಲೆಂಟ್. ಯಾವುದೋ ಒಂದು ಚಕ್ರದ ಒಳಮೈ ಹತ್ತಿರ ತೆಳ್ಳಗೆ ಜಿಡ್ಡು ಇದ್ದರೆ ಅದು ಬ್ರೇಕ್ ಆಯಿಲ್, ಆವತ್ತು ಗಾಡಿ ಹೊರಗೆ ತೆಗೆಯಬೇಡಿ. ಪೆಟ್ರೋಲ್ ವಾಸನೆ ಬಂದರೂ ಅಷ್ಟೇ.

ಆಮೇಲೆ ಬಾನೆಟ್ ಎತ್ತಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತಿನ ಮಧ್ಯೆ ಇರಬೇಕು. ಮೇಲಿನ ಗುರುತು ದಾಟುವ ಹಾಗೆ ತುಂಬಿಸುವುದೂ ತಪ್ಪು. ಆಯಿಲ್ ಕಪ್ಪಾಗಿದೆ ಅಂತ ಹೆದರಬೇಡಿ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಹಾಲು ಹಾಕಿದ ಕಾಫಿ ಥರ ಕಂಡರೆ ಹೆದರಿ. ಆಯಿಲ್ ಒಳಗೆ ನೀರು ಸೇರಿದೆ.

ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ಮಾತ್ರ ತೆಗೆಯಿರಿ. ನೀರು ಬಾಯಿಯವರೆಗೆ ಇರಬೇಕು. ಬ್ರೇಕ್ ಆಯಿಲ್ ಡಬ್ಬಿಯನ್ನು ಹೊರಗಿನಿಂದಲೇ ನೋಡಬಹುದು. ಮಟ್ಟ ನಿಧಾನವಾಗಿ ಇಳಿದರೆ ಬ್ರೇಕ್ ಪ್ಯಾಡು ಸವೆಯುತ್ತಿರಬಹುದು, ಒಮ್ಮೆಲೇ ಇಳಿದರೆ ಎಲ್ಲೋ ಸೋರಿಕೆ ಇದೆ. ಈ ಆಯಿಲ್ ಪೇಂಟನ್ನು ತಿಂದು ಹಾಕುತ್ತದೆ, ಹುಷಾರು.

ಫ್ಯಾನ್ ಬೆಲ್ಟ್ ಅನ್ನು ಹೆಬ್ಬೆರಳಿನಿಂದ ಮಧ್ಯದಲ್ಲಿ ಒತ್ತಿ. ಸ್ವಲ್ಪ ಬಗ್ಗಬೇಕು, ಜೋಲಾಡಬಾರದು. ತಿರುಗಿಸಿ ಒಳಮೈ ನೋಡಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಇದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ವಾಟರ್ ಪಂಪನ್ನೂ ತಿರುಗಿಸುವುದು. ದಾರಿಯಲ್ಲಿ ಕೆಂಪು ಬ್ಯಾಟರಿ ದೀಪ ಹತ್ತಿದರೆ "ಮನೆಗೆ ಹೋಗಿ ನೋಡೋಣ" ಅಂತ ಓಡಿಸಬೇಡಿ. ಬೆಲ್ಟ್ ತುಂಡಾಗಿದ್ದರೆ ಕೆಲವೇ ನಿಮಿಷದಲ್ಲಿ ಇಂಜಿನ್ ಕಾಯುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು: ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಒಂದು ಮಳೆಗಾಲ ನನ್ನ ಗಾಡಿ ಏಕೋ ಏರು ಹತ್ತುತ್ತಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಇಲಿ ಹುಲ್ಲು, ಹತ್ತಿ, ನಮ್ಮ ಮನೆಯ ಒರೆಸುವ ಬಟ್ಟೆಯ ಚೂರು ಎಲ್ಲ ಸೇರಿಸಿ ಚಂದದ ಬಾಣಂತಿ ಕೋಣೆ ಮಾಡಿತ್ತು. ಇಲಿ ಬಂದ ಗಾಡಿಯಲ್ಲಿ ವೈರುಗಳನ್ನೂ ಒಂದೊಂದಾಗಿ ಬೆರಳಾಡಿಸಿ ನೋಡಬೇಕು.

ಆಯಿಲ್ ಬದಲಾವಣೆ

5,000 ಕಿಲೋಮೀಟರಿಗೊಮ್ಮೆ. ಅಷ್ಟು ಓಡದಿದ್ದರೆ ಆರು ತಿಂಗಳಿಗೊಮ್ಮೆ. ಈ ಇಂಜಿನ್‌ಗೆ ಸಾಮಾನ್ಯ 20W-40 ಮಿನರಲ್ ಆಯಿಲ್ ಸಾಕು. ಮೂರು ಲೀಟರ್ ಒಳಗೇ ಮುಗಿಯುತ್ತದೆ.

ಗಾಡಿಯನ್ನು ಐದು ನಿಮಿಷ ಓಡಿಸಿ ಬನ್ನಿ. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಅದಿಲ್ಲದಿದ್ದರೆ ಈ ಕೆಲಸ ಸರ್ವಿಸ್ ಪಿಟ್ ಇರುವ ಕಡೆ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಚೇಂಬರಿನ ಅಡಿ ಬೋಲ್ಟ್ ಬಿಚ್ಚಿ ಹಳೇ ಆಯಿಲ್ಲನ್ನು ಬೇಸಿನ್‌ಗೆ ಇಳಿಸಿ. ಕೊನೆಯ ಹನಿ ಬೀಳುವವರೆಗೆ ಬಿಡಿ, ಟೀ ಕುಡಿದು ಬನ್ನಿ. ಫಿಲ್ಟರ್ ತೆಗೆಯಿರಿ. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯಾ ನೋಡಿ. ಅದರ ಮೇಲೆ ಹೊಸದು ಕೂತರೆ ಆಯಿಲ್ ಪೂರ್ತಿ ಹೊರಗೆ ಚೆಲ್ಲುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ. ರಿಂಗ್ ತಾಗುವವರೆಗೆ ಕೈಯಲ್ಲೇ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಸ್ಪ್ಯಾನರ್ ಹಾಕಿ ಜಗ್ಗಬೇಡಿ. ಅಡಿ ಬೋಲ್ಟಿಗೂ ಅದೇ ಮಾತು. ಹೊಸ ವಾಷರ್ ಹಾಕಿ ಹದವಾಗಿ ಬಿಗಿಯಿರಿ. ಭೀಮನ ಬಲ ತೋರಿಸಿ ಮರೆ (ಬೋಲ್ಟಿನ ಸುರುಳಿ ಗೆರೆ) ಕಿತ್ತುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಹೊಸ ಆಯಿಲ್ ತುಂಬಿಸಿ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿ.

ಸ್ಟಾರ್ಟ್ ಆಗುತ್ತಿಲ್ಲ. ಈಗ?

ಬೀಗದ ಕೈ ತಿರುಗಿಸಿದಾಗ ಏನಾಗುತ್ತದೆ ಅಂತ ಮೊದಲು ಕಿವಿಗೊಟ್ಟು ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏನೂ ಶಬ್ದವಿಲ್ಲ, ಅಥವಾ ಬರೀ "ಟಕ್" ಅನ್ನುತ್ತದೆ, ಅಥವಾ ಎಳೆದೆಳೆದು "ಗುರ್... ಗುರ್..." ಅನ್ನುತ್ತದೆ ಅಂದರೆ ಕರೆಂಟಿನ ಕೊರತೆ. ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸರಿಯಿಲ್ಲ. ದೀಪ ಚೆನ್ನಾಗಿ ಉರಿಯುತ್ತಲೇ ಬರೀ ಟಕ್ ಅಂದರೆ ತೊಂದರೆ ಸೆಲ್ಫ್ ಮೋಟಾರು ಅಥವಾ ಅದರ ವೈರಿನ ಕಡೆ.

ಬ್ಯಾಟರಿ ಬದಲಾಯಿಸುವ ಮೊದಲು ಟರ್ಮಿನಲ್ ನೋಡಿ. ಬಿಳಿ-ಹಸಿರು ಹೂವು ಅರಳಿದೆಯಾ? ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಒರೆಸಿ, ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಹಾಕಿ, ಮೇಲೆ ವ್ಯಾಸಲಿನ್ ಸವರಿ. ಹಾಕುವಾಗ ಪಾಸಿಟಿವ್ ಮೊದಲು. ಬ್ಯಾಟರಿಯಿಂದ ಕಾರಿನ ಮೈಗೆ ಮತ್ತು ಗೇರ್‌ಬಾಕ್ಸಿಗೆ ಹೋಗುವ ಅರ್ಥ್ ವೈರಿನ ಇನ್ನೊಂದು ತುದಿಯನ್ನೂ ಹುಡುಕಿ. ಎಲ್ಲರೂ ಬ್ಯಾಟರಿ ಕಡೆಯ ತುದಿ ಉಜ್ಜುತ್ತಾರೆ, ಆ ಕಡೆಯದು ಮೂವತ್ತು ವರ್ಷದ ತುಕ್ಕಿನಲ್ಲಿ ಹಾಗೇ ಕೂತಿರುತ್ತದೆ.

ಮಲ್ಟಿಮೀಟರ್ ಇದ್ದರೆ ಕೆಲಸ ಇನ್ನೂ ಸುಲಭ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಓಡುವಾಗಲೂ 12ರಲ್ಲೇ ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. ಆಗ ಹೊಸ ಬ್ಯಾಟರಿ ತಂದರೆ ಅದೂ ಎರಡು ದಿನದಲ್ಲಿ ಮಲಗುತ್ತದೆ.

ತುರ್ತಿಗೆ ತಳ್ಳಿ ಸ್ಟಾರ್ಟ್ ಮಾಡಬಹುದು, ಕಾರ್ಬೊರೇಟರ್ ಗಾಡಿಯ ದೊಡ್ಡ ಪುಣ್ಯ ಅದು. ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿಯಿರಿ. ಗಾಡಿ ಓಡು ನಡಿಗೆಯ ವೇಗಕ್ಕೆ ಬಂದಾಗ ಕ್ಲಚ್ ಬಿಡಿ, ಹಿಡಿದ ಕೂಡಲೇ ಮತ್ತೆ ಒತ್ತಿ.

ಇನ್ನು ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ ಅಂದರೆ ಎರಡೇ ಪ್ರಶ್ನೆ: ಸ್ಪಾರ್ಕ್ ಇದೆಯಾ? ಪೆಟ್ರೋಲ್ ಬರುತ್ತಿದೆಯಾ?

ಸ್ಪಾರ್ಕ್ ಮೊದಲು. ಸುತ್ತಮುತ್ತ ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಬಿಚ್ಚಿದ ತೂತಿನಿಂದ ದೂರ ಇಂಜಿನ್ನಿನ ಲೋಹಕ್ಕೆ ತಾಗಿಸಿ ಇಡಿ. ರಬ್ಬರ್ ಹಿಡಿಯ ಪ್ಲೈಯರಿನಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ-ಬಿಳಿ ಕಿಡಿ ಚಟಚಟ ಅಂತ ಹಾರಬೇಕು. ಹಳದಿ, ಸೊರಗಿದ ಕಿಡಿ ಬಂದರೆ ಸ್ಪಾರ್ಕ್ ದುರ್ಬಲ.

ಬಿಚ್ಚಿದ ಪ್ಲಗ್ಗಿನ ತುದಿಯನ್ನೂ ನೋಡಿ. ಬಿಸ್ಕತ್ತಿನ ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಮ್ಮಿ, ಚೋಕ್ ಪೂರ್ತಿ ಒಳಗೆ ಹೋಗುತ್ತಿಲ್ಲವೇನೋ ನೋಡಿ. ಜಿಡ್ಡು ಕಪ್ಪು ಇದ್ದರೆ ಆಯಿಲ್ ಸುಡುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಅತಿಯಾಗಿ ಬಿಸಿಯಾಗುತ್ತಿದೆ.

ಸ್ಪಾರ್ಕ್ ಇಲ್ಲವೇ ಇಲ್ಲ ಅಂದರೆ ಡೆಲ್ಕೊ ಮುಚ್ಚಳ ತೆಗೆಯಿರಿ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ ಅದು. ಪುಸ್ತಕದಲ್ಲಿ ಅದಕ್ಕೆ ಡಿಸ್ಟ್ರಿಬ್ಯೂಟರ್ ಅನ್ನುತ್ತಾರೆ, ನಮ್ಮ ಕಡೆ ಗ್ಯಾರೇಜಿನಲ್ಲಿ ಡೆಲ್ಕೊ. ಮುಚ್ಚಳ ತೆಗೆದಿಟ್ಟು ಸೆಲ್ಫ್ ಹೊಡೆಸಿ, ಒಳಗಿನ ರೋಟರ್ ತಿರುಗುತ್ತಿದೆಯಾ ನೋಡಿ. ತಿರುಗುತ್ತಿಲ್ಲ, ಜೊತೆಗೆ ಇಂಜಿನ್ ಎಂದಿಗಿಂತ ಹಗುರವಾಗಿ ಗಿರ್ರನೆ ಸುತ್ತುತ್ತಿದೆ ಅಂದರೆ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಟೋ ಮಾಡಿಸಿ, ಬೇರೆ ದಾರಿ ಇಲ್ಲ. 1,00,000 ಕಿಲೋಮೀಟರಿನೊಳಗೆ ಈ ಬೆಲ್ಟ್ ಬದಲಾಯಿಸಿರಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಹಿಂದಿನ ಮಾಲೀಕರ ಮಾತು ನಂಬದೆ ಮೊದಲ ತಿಂಗಳಲ್ಲೇ ಹೊಸದು ಹಾಕಿಸುವುದು ಒಳ್ಳೆಯದು.

ರೋಟರ್ ತಿರುಗುತ್ತಿದ್ದರೆ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ನೋಡಿ. ಹಳೇ ಗಾಡಿಗಳಲ್ಲಿ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತದೆ, ಆಮೇಲಿನವುಗಳಲ್ಲಿ ಎಲೆಕ್ಟ್ರಾನಿಕ್. ಪಾಯಿಂಟ್ ಪೂರ್ತಿ ತೆರೆದಾಗ ಮಧ್ಯದ ಸಂದು 0.4ರಿಂದ 0.5 ಮಿಲಿಮೀಟರ್ ಇರಬೇಕು. ಮಸಿ ಹಿಡಿದಿದ್ದರೆ ಎಮರಿ ಪೇಪರ್ ಒಮ್ಮೆ ಎಳೆದು, ಒಣ ಬಟ್ಟೆಯಲ್ಲಿ ಒರೆಸಿ. ಒಂದು ಕಡೆ ಗುಂಡಿ, ಇನ್ನೊಂದು ಕಡೆ ದಿಬ್ಬ ಎದ್ದಿದ್ದರೆ ಪಾಯಿಂಟ್ ಮತ್ತು ಕಂಡೆನ್ಸರ್ ಎರಡನ್ನೂ ಬದಲಾಯಿಸಿ. ಒಂದಕ್ಕೊಂದು ಅಂಟಿಕೊಂಡ ಕಾಯಿಲೆ ಅದು, ಒಂದೇ ಬದಲಾವಣೆಯ ನಿಯಮಕ್ಕೆ ಇಲ್ಲಿ ರಿಯಾಯಿತಿ. ಪ್ಲಗ್ ವೈರು ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-3-2, ತಪ್ಪಿ ಹಾಕಿದರೆ ಗಾಡಿ ಕೆಮ್ಮುತ್ತದೆ, ಓಡುವುದಿಲ್ಲ.

ಆಗುಂಬೆಯಲ್ಲಿ ನಡೆದದ್ದು

ಜುಲೈ ತಿಂಗಳು. ಉಡುಪಿಯಿಂದ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ 14 ತಿರುವಿನಲ್ಲಿ ಅರ್ಧ ಮುಗಿದಿತ್ತು. ಮಳೆ ಅಂದರೆ ಮಳೆ. ಗಾಡಿ ಒಂದು ಕಾಲು ಕುಂಟಿದ ಹಾಗೆ ನಡುಗಿ ನಿಂತಿತು. ಹಿಂದಿನ ಸೀಟಿನಲ್ಲಿ ಅತ್ತೆ. "ಬಸ್ಸಲ್ಲಿ ಬರೋಣ ಅಂದೆ ಅಲ್ವಾ" ಅಂತ ಒಂದೇ ಮಾತು, ಆಮೇಲೆ ಮೌನ. ಮೌನವೇ ಜಾಸ್ತಿ ಕಷ್ಟ. ಇಪ್ಪತ್ತು ನಿಮಿಷ ಬಾನೆಟ್ ಮುಚ್ಚಿ ಕಾದೆವು. ಇಂಜಿನ್ ಬಿಸಿಗೆ ಒಳಗೆ ಒಣಗಿರಬೇಕು, ಸ್ಟಾರ್ಟ್ ಆಯಿತು. ಎರಡು ತಿರುವು ಹತ್ತಿ ಮತ್ತೆ ನಿಂತಿತು.

ಮರುದಿನ ಒಂದು ಗ್ಯಾರೇಜಿನಲ್ಲಿ ಕಾಯಿಲ್, ಕಂಡೆನ್ಸರ್, ಮೂರು ಪ್ಲಗ್ ಎಲ್ಲ ಹೊಸದು ಹಾಕಿದರು. ಎರಡು ದಿನ ಬಿಸಿಲಿತ್ತು, ಗಾಡಿ ಚಿಗರೆ ಥರ ಓಡಿತು. ಮೂರನೇ ದಿನ ಮಳೆ ಬಂತು, ಮತ್ತೆ ಅದೇ.

ಕೊನೆಗೆ ಹಳೆಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಹೇಳಿದರು: "ಕತ್ತಲಲ್ಲಿ ನೋಡ್ರೀ." ರಾತ್ರಿ ಪೋರ್ಟಿಕೊದಲ್ಲಿ ದೀಪ ಆರಿಸಿ, ಇಂಜಿನ್ ಓಡುತ್ತಿರುವಾಗ ಮಗ ದೂರದಿಂದ ಬಾಟಲಿಯಲ್ಲಿ ಒಂದೆರಡು ಸಲ ನೀರು ಸಿಂಪಡಿಸಿದ. ಡೆಲ್ಕೊ ಮುಚ್ಚಳದ ಮೇಲೆ ನೀಲಿ ಎಳೆಯೊಂದು ಹಾವಿನ ಮರಿಯಂತೆ ಹರಿದು ಮಾಯವಾಯಿತು. ಮತ್ತೆ ಹರಿಯಿತು. ಇಂಜಿನ್ ಆಫ್ ಮಾಡಿ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರೆ, ಒಳಗಡೆ ಎರಡು ಕಂಬಗಳ ನಡುವೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕೂದಲಿನಷ್ಟು ತೆಳು ಕಪ್ಪು ಗೆರೆ. ಬಿರುಕು. ಒದ್ದೆಯಾದಾಗ ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಆ ಗೆರೆ ಹಿಡಿದು ಓಡುತ್ತಿತ್ತು. ಹೊಸ ಮುಚ್ಚಳ, ಹೊಸ ರೋಟರ್, ಅಲ್ಲಿಗೆ ಕಾಯಿಲೆ ಮುಗಿಯಿತು. ಅವತ್ತು ಬಿಚ್ಚಿದ ಹಳೇ ಕಾಯಿಲ್ ಈಗ ನನ್ನ ಡಿಕ್ಕಿಯ ಡಬ್ಬಿಯಲ್ಲಿ ಸ್ಪೇರ್ ಆಗಿದೆ. ಅದಕ್ಕೆ ಏನೂ ಆಗಿರಲಿಲ್ಲ.

ಹಾಗಾಗಿ ಮಳೆಯಲ್ಲಿ ಮಾತ್ರ ಕಾಡುವ ತೊಂದರೆ ಅಂದರೆ ಮೊದಲು ಡೆಲ್ಕೊ ಮುಚ್ಚಳ, ಪ್ಲಗ್ ವೈರು, ಅವುಗಳ ರಬ್ಬರ್ ಟೋಪಿ ನೋಡಿ. ದಾರಿಯಲ್ಲಾದರೆ ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದರೆ ಊರು ಸೇರಬಹುದು.

ಪೆಟ್ರೋಲ್ ಕಡೆ

ಸ್ಪಾರ್ಕ್ ಚೆನ್ನಾಗಿದೆ ಅಂತಾದರೆ ಏರ್ ಫಿಲ್ಟರ್ ಡಬ್ಬಿ ತೆಗೆದು ಕಾರ್ಬೊರೇಟರಿನ ಬಾಯಿಯೊಳಗೆ ಟಾರ್ಚ್ ಬಿಡಿ. ಇಂಜಿನ್ ಆಫ್ ಇರಲಿ. ಆಕ್ಸಿಲರೇಟರ್ ಕೇಬಲ್ ಸೇರುವ ಸನ್ನೆಯನ್ನು (ಲಿವರ್) ಕೈಯಲ್ಲಿ ಎಳೆಯಿರಿ. ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಅಲ್ಲಿಯವರೆಗೆ ಪೆಟ್ರೋಲ್ ಬಂದಿದೆ. ಚಿಮ್ಮದಿದ್ದರೆ ಹಿಂದಕ್ಕೆ ಹೋಗಿ: ಫಿಲ್ಟರ್ ಒಳಗೆ ಪೆಟ್ರೋಲ್ ಕಾಣುತ್ತದಾ, ಪಂಪ್‌ನಿಂದ ಬರುತ್ತದಾ, ಟ್ಯಾಂಕಿನಲ್ಲಿ ನಿಜಕ್ಕೂ ಇದೆಯಾ. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು ಅನ್ನುವವರೇ, ಮೂವತ್ತು ವರ್ಷದ ಮುಳ್ಳನ್ನು ನಂಬುವುದಾ?

ಬಾಯಿಯೊಳಗೆ ಪೆಟ್ರೋಲ್ ತುಂಬಿ ಒದ್ದೆಯಾಗಿ ವಾಸನೆ ಹೊಡೆಯುತ್ತಿದ್ದರೆ ಫ್ಲಡ್ ಆಗಿದೆ. ಹತ್ತು ನಿಮಿಷ ಬಿಡಿ. ಚೋಕ್ ಪೂರ್ತಿ ಒಳಗೆ. ಆಕ್ಸಿಲರೇಟರ್ ಕೊನೆಯವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪಂಪ್ ಮಾಡಬೇಡಿ.

ರೇಸ್ ಕೊಟ್ಟಾಗ ಓಡುತ್ತದೆ, ಬಿಟ್ಟ ತಕ್ಷಣ ಆಫ್ ಆಗುತ್ತದೆ ಅಂದರೆ ಕಾರ್ಬೊರೇಟರ್ ಪಕ್ಕದ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಸಣ್ಣ ವಾಲ್ವ್) ವೈರು ನೋಡಿ. ಕೀ ಆನ್ ಮಾಡಿ ವೈರನ್ನು ತೆಗೆದು ತಾಗಿಸಿದರೆ ಸಣ್ಣಗೆ ಟಿಕ್ ಅನ್ನಬೇಕು. ಟಿಕ್ ಬಂದರೂ ರೇಸ್ ಕೊಡದೆ ಇಂಜಿನ್ ಓಡದಿದ್ದರೆ ಜೆಟ್‌ನಲ್ಲಿ (ಪೆಟ್ರೋಲ್ ಹೋಗುವ ಸಣ್ಣ ತೂತಿನಲ್ಲಿ) ಕಸ, ಅಥವಾ ಯಾವುದೋ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಇಲ್ಲಿ ಒಂದು ವಿನಂತಿ. ಗೊತ್ತಿಲ್ಲದೆ ಪೆಟ್ರೋಲ್-ಗಾಳಿಯ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಬೇಡಿ. ತಿರುಗಿಸಲೇಬೇಕು ಅನಿಸಿದರೆ ಮೊದಲು ಪೂರ್ತಿ ಒಳಗೆ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ತಪ್ಪಾದರೆ ಹಳೇ ಜಾಗಕ್ಕೆ ಮರಳಬಹುದು.

ಬೇಸಿಗೆಯ ಟ್ರಾಫಿಕ್‌ನಲ್ಲಿ ನಿಂತು, ಅರ್ಧ ಗಂಟೆ ಬಿಟ್ಟು ತಾನಾಗೇ ಸರಿಹೋಗುತ್ತದೆಯಾ? ಅದು ವೇಪರ್ ಲಾಕ್ ಇರಬಹುದು. ಈ ಗಾಡಿಯ ಪೆಟ್ರೋಲ್ ಪಂಪ್ ಇಂಜಿನ್ ಮೈಗೇ ಅಂಟಿಕೊಂಡಿದೆ. ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾದರೆ ಪಂಪ್ ಅದನ್ನು ತಳ್ಳಲಾರದು. ಬಾನೆಟ್ ತೆರೆದಿಟ್ಟು, ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಮದ್ದು. ನೀರು ಡೆಲ್ಕೊ ಕಡೆ ಹರಿಯದಂತೆ ನೋಡಿ.

ಈಗಿನ ಪೆಟ್ರೋಲಿನ ಬಗ್ಗೆ ಒಂದು ಮಾತು. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ 20% ಎಥನಾಲ್ ಬೆರೆಸಿದ ಪೆಟ್ರೋಲೇ ಸಾಮಾನ್ಯವಾಯಿತು. 1993ರ ರಬ್ಬರ್ ಪೈಪು, ಗ್ಯಾಸ್ಕೆಟ್, ಪಂಪಿನ ಡಯಾಫ್ರಾಮ್ ಅದಕ್ಕೆ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಾನು ಮಾಡಿರುವುದು ಇಷ್ಟು: ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ರಬ್ಬರ್ ಪೈಪು ಎಲ್ಲ ಎಥನಾಲ್ ತಡೆಯುವ ಹೊಸದು ಹಾಕಿಸಿದ್ದೇನೆ, ಫಿಲ್ಟರನ್ನು ಬೇಗ ಬೇಗ ಬದಲಾಯಿಸುತ್ತೇನೆ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ. ಪೈಪುಗಳನ್ನು ತಿಂಗಳಿಗೊಮ್ಮೆ ಬೆರಳಲ್ಲಿ ಹಿಚುಕಿ ನೋಡಿ. ಅಂಟಂಟಾಗಿದ್ದರೆ ಅಥವಾ ಕಡ್ಡಿಯಂತೆ ಗಟ್ಟಿಯಾಗಿದ್ದರೆ ಆವತ್ತೇ ಬದಲಾಯಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರುವುದು ತಮಾಷೆಯಲ್ಲ.

ಇಂಜಿನ್ ಕಾದರೆ

ಮುಳ್ಳು ಕೆಂಪಿಗೆ ಹೋದರೆ ಏಸಿ ಇದ್ದರೆ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಆನ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಬಟ್ಟೆ ಸುತ್ತಿ ತೆಗೆಯುತ್ತೇನೆ ಅನ್ನುವ ಧೈರ್ಯವೂ ಬೇಡ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾಯಿರಿ.

ಅಷ್ಟರಲ್ಲಿ ನೋಡಬೇಕಾದದ್ದು ಇದೆ. ಬೆಲ್ಟ್ ಇದೆಯಾ? ಹೋಸ್ ಒಡೆದಿದೆಯಾ? ರೇಡಿಯೇಟರ್ ಫ್ಯಾನ್ ತಿರುಗಿತ್ತಾ? ಇದು ಕರೆಂಟ್ ಫ್ಯಾನ್. ಅದರ ಫ್ಯೂಸ್ ನೋಡಿ. ಫ್ಯೂಸ್ ಸರಿಯಿದ್ದರೆ ಫ್ಯಾನ್ ಸ್ವಿಚ್ಚಿನ ಎರಡು ವೈರು ಒಂದಕ್ಕೊಂದು ಸೇರಿಸಿ ಕೀ ಆನ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ. ಹಾಗೇ ಟೇಪ್ ಸುತ್ತಿ ಮನೆ ಸೇರಿ.

ಗಾಡಿ ಕಾಯುತ್ತದೆ ಅಂದ ಕೂಡಲೇ ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ವಾಲ್ವ್) ಕಿತ್ತು ಎಸೆಯುವ ಚಾಳಿ ನಮ್ಮ ಕಡೆ ಇದೆ. ನನಗೆ ಇದನ್ನು ಕಂಡರೆ ಆಗದು. ಅದಿಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಲು ದೊಡ್ಡ ಖರ್ಚಿಲ್ಲ. ಬೋರ್‌ವೆಲ್ ನೀರೂ ಬೇಡ. ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ ಹಾಕಿ.

ಎಲ್ಲೂ ಸೋರಿಕೆ ಇಲ್ಲ, ಆದರೂ ನೀರು ಕಮ್ಮಿ ಆಗುತ್ತಿದೆ, ಬಿಳಿ ಹೊಗೆ ನಿಲ್ಲುತ್ತಿಲ್ಲ, ಇಂಜಿನ್ ಓಡುವಾಗ ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತದೆ ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವಿನ ಸೀಲ್) ಹೋಗಿದೆ. ಅದು ಮನೆಯ ಕೆಲಸವಲ್ಲ. ಹೊಗೆಯ ಉಳಿದ ಬಣ್ಣಗಳು: ನೀಲಿ ಅಂದರೆ ಆಯಿಲ್ ಸುಡುತ್ತಿದೆ, ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಚಳಿಯ ಬೆಳಿಗ್ಗೆ ಎರಡು ನಿಮಿಷ ಕಾಣುವ ಬಿಳಿ ಆವಿಗೆ ತಲೆ ಕೆಡಿಸಿಕೊಳ್ಳಬೇಡಿ.

ಬ್ರೇಕ್, ಟೈರ್, ಶಬ್ದ

ಬ್ರೇಕ್ ಪೆಡಲ್ ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಇಳಿದರೆ ಮಾಸ್ಟರ್ ಸಿಲಿಂಡರ್. ಒಂದು ಕಡೆ ಎಳೆದರೆ ಯಾವುದೋ ಚಕ್ರದಲ್ಲಿ ಹಿಡಿತ ಕಮ್ಮಿ, ವೀಲ್ ಸಿಲಿಂಡರ್ ಸೋರುತ್ತಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಘಾಟಿ ಇಳಿಯುವವರಿಗೆ ಇದು ಕಡ್ಡಾಯ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು ಹುಚ್ಚುತನ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಮ್ಮಿ ಓಡುವ ಗಾಡಿಯ ಟೈರು ಸವೆಯುವುದಿಲ್ಲ, ಒಣಗಿ ಬಿರುಕು ಬಿಡುತ್ತದೆ. ಆರು ವರ್ಷ ದಾಟಿದ್ದನ್ನು ಹಲ್ಲು ಚೆನ್ನಾಗಿದ್ದರೂ ನಾನು ನಂಬುವುದಿಲ್ಲ. ಸ್ಟೆಪ್ನಿಗೂ ಇದೇ ಲೆಕ್ಕ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋದಾಗ "ಕಟಕಟ" ಅಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಚಕ್ರದ ಒಳಗಡೆ ಗ್ರೀಸ್ ಎರಚಿದೆಯಾ ನೋಡಿ. ಹರಿದ ಹೊಸದರಲ್ಲೇ ಬೂಟ್ ಬದಲಾಯಿಸಿದರೆ ಜಾಯಿಂಟ್ ಉಳಿಯುತ್ತದೆ.

ತುಕ್ಕು, ಆರ್‌ಟಿಒ

ಇಂಜಿನ್ ಹೋದರೆ ಕಟ್ಟಿಸಬಹುದು. ಬಾಡಿ ಹೋದರೆ ಗಾಡಿ ಹೋದಂತೆ. ಮಂಗಳೂರು, ಕಾರವಾರದ ಕಡೆ ಉಪ್ಪು ಗಾಳಿ, ನಮ್ಮ ಕಡೆ ಆರು ತಿಂಗಳ ತೇವ. ಮಳೆಗಾಲ ಮುಗಿದ ಕೂಡಲೇ ಕಾಲಡಿಯ ಕಾರ್ಪೆಟ್ ಕಿತ್ತು ಬಿಸಿಲಿಗೆ ಹಾಕಿ, ತಗಡನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದು ಹೋದದ್ದು ರೊಟ್ಟಿ ಮುರಿದಂತೆ ಕರಕರ ಅನ್ನುತ್ತದೆ. ಬಾಗಿಲ ಅಡಿಯ ಸಣ್ಣ ತೂತುಗಳಿಗೆ ಕಡ್ಡಿ ಹಾಕಿ ಕೊಳೆ ತೆಗೆಯಿರಿ, ನೀರು ಇಳಿಯಲಿ ಅಂತಲೇ ಅವನ್ನು ಇಟ್ಟಿರುವುದು. ಬ್ಯಾಟರಿ ಕೂರುವ ತಟ್ಟೆಯ ಅಡಿಯನ್ನೂ ಮರೆಯಬೇಡಿ. ಆಸಿಡ್ ಬಿದ್ದ ಜಾಗ ಮೊದಲು ಕರಗುತ್ತದೆ.

15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅರ್ಜಿ ಫಾರಂ 25, ಅವಧಿ ಮುಗಿಯುವ ಮೊದಲಿನ 60 ದಿನದೊಳಗೆ ಕೊಡಬಹುದು. ಕರ್ನಾಟಕದಲ್ಲಿ ಹಸಿರು ತೆರಿಗೆಯೂ ಇದೆ. ಹೊಗೆ ಪರೀಕ್ಷೆಗೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಶುದ್ಧ ಏರ್ ಫಿಲ್ಟರ್ ಹಾಕಿ ಹೋಗಿ. ತಣ್ಣಗಿನ ಇಂಜಿನ್‌ನಲ್ಲಿ ಚೋಕ್ ಎಳೆದುಕೊಂಡು ಹೋದರೆ ಫೇಲ್ ಆಗುವುದು ಗ್ಯಾರಂಟಿ.

ನಾನು ಎಡವಿದ್ದು ಬೇರೆ ಕಡೆ. 2018ರಲ್ಲಿ ದೀಪ, ಹಾರ್ನ್, ಬ್ರೇಕ್ ಎಲ್ಲ ಸರಿ ಮಾಡಿಸಿ, ಹೊಸ ಪೇಂಟ್ ಹೊಡೆಸಿ ಗಾಡಿ ತೋರಿಸಲು ಹೋದೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ಚಾಸಿ ನಂಬರ್ ಕೇಳಿದರು. ಕೆತ್ತಿದ ಅಂಕಿಗಳ ಮೇಲೆ ಪೇಂಟರ್ ದಪ್ಪಗೆ ಪೇಂಟ್ ಬಳಿದಿದ್ದ, ಪೇಂಟಿನ ಅಡಿ ತುಕ್ಕು. ಎರಡು ಅಂಕಿ ಓದಲು ಬರಲಿಲ್ಲ. ಥಿನ್ನರ್, ಹಳೇ ಟೂತ್ ಬ್ರಷ್ ಹಿಡಿದು ಅರ್ಧ ದಿನ ಅಲ್ಲೇ ಬಿಸಿಲಲ್ಲಿ ಉಜ್ಜಿದೆ. ಈಗ ವರ್ಷಕ್ಕೊಮ್ಮೆ ಆ ಜಾಗ ಒರೆಸಿ ತೆಳ್ಳಗೆ ಗ್ರೀಸ್ ಸವರುತ್ತೇನೆ. 2023ರಲ್ಲಿ ಐದೇ ನಿಮಿಷದಲ್ಲಿ ಓದಿ ಬರೆದುಕೊಂಡರು.